ಲೆಂಬಾ ಆರಿಸಿದ ಮಚ್ಚು

ಬೇರು ದಪ್ಪವಾಗಿತ್ತು. ಸಿಬತ್ ಗುಂಡಿಯೊಳಗೆ ಮಂಡಿಯೂರಿ ಮಚ್ಚು ಬೀಸುತ್ತಲೇ ಇದ್ದ. ನಾಲ್ಕನೆಯ ಏಟಿಗೆ ಬೇರು ತುಂಡಾಗಿ, ಕೆಂಪು ಮಣ್ಣು ಅವನ ಎದೆಯ ಮೇಲೆ ಉದುರಿತು.

ಗುಂಡಿಯ ಅಂಚಿನಲ್ಲಿ ಕೂತಿದ್ದ ಮುದುಕ ಉಗತ್ ಎಲೆಯಡಿಕೆ ಉಗಿದ. "ನಿಮ್ಮ ಚಿಕ್ಕಮ್ಮನ ಗುಂಡೀಲೂ ಬೇರು ನೋಡು. ಬದುಕಿದ್ದಾಗ್ಲೂ ಹಂಗೇ, ಸತ್ತ ಮೇಲೂ ಹಂಗೇ. ಯಾವುದನ್ನೂ ಸಲೀಸಾಗಿ ಬಿಟ್ಟುಕೊಡೋಳಲ್ಲ."

ಮಣ್ಣು ಎತ್ತುತ್ತಿದ್ದ ಇಬ್ಬರು ನಕ್ಕರು. ಸಿಬತ್ ಕೂಡ ನಕ್ಕ. ನಗದಿದ್ದರೆ ಯಾಕೆ ಎಂದು ಕೇಳುತ್ತಾರೆ.

"ಅದಿರ್ಲಿ, ಅವಳ ಜೊತೆ ಗುಂಡಿಗೆ ಯಾವ ಮಚ್ಚು ಕಳಿಸ್ತೀರಿ?" ಉಗತ್ ಬಿಡಲಿಲ್ಲ. "ಆರಿಸೋಕೆ ಕಷ್ಟಪಡಬೇಡಿ. ಡಬ್ಬಿ ತಗಡು ಕತ್ತರಿಸಿ ಹಾಕಿ ಸಾಕು. ಕಬ್ಬಿಣ ಯಾವುದು ತಗಡು ಯಾವುದು ಅಂತ ಅವಳಿಗೆ ಗೊತ್ತಾಗ್ತಿರಲಿಲ್ಲ." ಹೇಳುತ್ತಾ ಬಲಗೈ ಎತ್ತಿ ತೋರಿಸಿದ. ಆ ಕೈಯಲ್ಲಿ ಮೂರೇ ಬೆರಳು.

ಈ ಮಾತು ಸಿಬತ್‌ಗೆ ಹೊಸದಲ್ಲ. ಇಪ್ಪತ್ತೆಂಟು ವರ್ಷದಿಂದ ಕೇಳುತ್ತಿದ್ದ. ಆದರೆ ಇವತ್ತು ಚಿಕ್ಕಮ್ಮ ಲೆಂಬಾ ಸತ್ತು ಎರಡು ದಿನ. ಮಧ್ಯಾಹ್ನದೊಳಗೆ ಅವಳನ್ನು ಈ ಗುಂಡಿಯಲ್ಲಿ ಇಳಿಸುತ್ತಾರೆ. ಹೇಳುವುದೇನಾದರೂ ಇದ್ದರೆ ಅಷ್ಟರೊಳಗೆ ಹೇಳಬೇಕು. ಹೇಳದಿದ್ದರೆ ಆ ಕೆಟ್ಟ ಹೆಸರನ್ನೂ ಹೊತ್ತುಕೊಂಡೇ ಅವಳು ಹೊರಡುತ್ತಾಳೆ. ನಿನ್ನೆಯಿಂದ ನಾಲ್ಕು ಸಲ ಬಾಯಿ ತೆರೆದಿದ್ದ. ನಾಲ್ಕು ಸಲವೂ ಬೇರೇನೋ ಮಾತಾಡಿದ್ದ. ಒಮ್ಮೆಯಂತೂ ಹಂದಿಯ ಬಗ್ಗೆ.

ಒಂದು ಕಾಲದಲ್ಲಿ ಈ ಹೊಳೆಗುಂಟ ಲೆಂಬಾಳನ್ನು ಕೇಳದೆ ಯಾರೂ ಮಚ್ಚು ಕೊಳ್ಳುತ್ತಿರಲಿಲ್ಲ. ಕಾಡು ಕಡಿದು ಗುಡ್ಡದ ಮೇಲೆ ಭತ್ತ ಬಿತ್ತುವ ಜನಕ್ಕೆ ಮಚ್ಚೇ ಕೈ, ಮಚ್ಚೇ ಕಾಲು. ಹೊಳೆಯ ಮೇಲ್ಗಡೆ, ಒಂದೇ ಸೂರಿನಡಿ ಊರಿಗೆ ಊರೇ ಬಾಳುವ ಉದ್ದಮನೆಗಳವರು ಕೂಡ ದೋಣಿ ತಂದು ಅವಳನ್ನು ಕೂರಿಸಿಕೊಂಡು ಪೇಟೆಗೆ ಹೋಗುತ್ತಿದ್ದರು. ಅವಳು ಅಂಗಡಿ ಮೆಟ್ಟಿಲು ಹತ್ತಿದರೆ ಅಂಗಡಿಯವನು ಕಳಪೆ ಸರಕನ್ನು ತಾನಾಗಿಯೇ ಹಿಂದಕ್ಕೆ ಸರಿಸುತ್ತಿದ್ದನಂತೆ.

*

ಇಪ್ಪತ್ತೆಂಟು ವರ್ಷದ ಹಿಂದೆ, ಕಾಡು ಕಡಿಯುವ ಹೊತ್ತಿಗೆ ಲೆಂಬಾ ಜ್ವರ ಬಂದು ಮಲಗಿದ್ದಳು. ಇಪ್ಪತ್ತೆರಡರ ಸಿಬತ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದಳು:

"ನೀನೇ ಹೋಗಿ ನನಗೊಂದು ಮಚ್ಚು ತಗೊಂಡು ಬಾ. ಹೊಳಪು ನೋಡ್ಬೇಡ, ಹೊಳಪು ಬೂದೀಲಿ ತಿಕ್ಕಿದ್ರೂ ಬರುತ್ತೆ. ಹಿಡಿ ಬಿಚ್ಚಿಸು. ಹಿಡಿಯೊಳಗೆ ಹೋಗೋ ಬಾಲ ನನ್ನ ಹೆಬ್ಬೆರಳಷ್ಟು ಅಗಲ ಇರ್ಬೇಕು. ಮಂಡಿಗೆ ಒತ್ತಿ ಬಗ್ಗಿಸು, ಬಿಟ್ಟ ತಕ್ಷಣ ನೆಟ್ಟಗಾಗ್ಬೇಕು. ಕೊನೇಲಿ ಉಗುರಿಂದ ಮೀಟಿ ಕಿವಿಗಿಟ್ಕೋ. ಸದ್ದು ಬಾಲದಿಂದ ಮೂತಿವರೆಗೂ ಓಡ್ಬೇಕು. ಮಧ್ಯೆ ಎಲ್ಲಾದ್ರೂ ನಿಂತ್ರೆ ಇಟ್ಟು ಬಾ."

ಪೇಟೆಯ ಅಂಗಡಿಯಲ್ಲಿ ಸಿಬತ್ ಒಂದು ಮಚ್ಚು ತೆಗೆದು, ಮೀಟಿ, ಕಿವಿಗಿಟ್ಟುಕೊಂಡ. ಹೊಳೆಯ ಕೆಳಗಿನೂರಿನ ಮೂವರು ಹುಡುಗರು, ಕಾಲಿಗೆ ಬೂಟು ತಲೆಗೆ ಎಣ್ಣೆ, ಸಿಗರೇಟಿಗೆಂದು ನಿಂತಿದ್ದರು.

"ಏನಣ್ಣ, ರೇಡಿಯೋ ಹತ್ಕೊಂತಾ? ವಾರ್ತೆ ಏನಂತೆ?" ಒಬ್ಬ ಕೇಳಿದ.

"ಮಳೆ ಬರುತ್ತಾ ಕೇಳೋ," ಇನ್ನೊಬ್ಬ ಅಂದ.

ಅಂಗಡಿಯವನ ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ಸಿಬತ್‌ಗೆ ಕಿವಿಯವರೆಗೆ ಬಿಸಿಯಾಯಿತು. ಕೈಲಿದ್ದದ್ದನ್ನು ಕೆಳಗಿಟ್ಟು, ಗೋಡೆಯ ಮೇಲೆ ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತಿದ್ದುದನ್ನು ಬೆರಳು ಮಾಡಿ ತೋರಿಸಿದ. ಬಗ್ಗಿಸಲಿಲ್ಲ. ಹಿಡಿ ಬಿಚ್ಚಿಸಿ ಎನ್ನಲು ನಾಲಿಗೆ ಏಳಲಿಲ್ಲ.

"ಮೀಟಿ ಕೇಳಿದ್ಯಾ?" ಮನೆಯಲ್ಲಿ ಲೆಂಬಾ ಕೇಳಿದಳು.

"ಕೇಳಿದೆ."

"ಹಿಡಿ ಬಿಚ್ಚಿಸಿದ್ಯಾ?"

"ಹೂಂ."

ಅವಳು ಮಚ್ಚನ್ನು ತೊಡೆಯ ಮೇಲಿಟ್ಟುಕೊಂಡಳು. ಹೆಬ್ಬೆರಳಿನ ಉಗುರು ಅಲಗಿನ ಹತ್ತಿರ ಹೋಯಿತು, ಅಲ್ಲೇ ನಿಂತಿತು. ಆ ಜನರಲ್ಲಿ ಒಬ್ಬರು ಆರಿಸಿ ತಂದದ್ದನ್ನು ಅವರೆದುರಿಗೇ ಮತ್ತೆ ಮೀಟಿ ನೋಡಿದರೆ ಮುಖಕ್ಕೆ ಉಗಿದ ಹಾಗೆ. ಲೆಂಬಾ ಅಕ್ಕನ ಮಗನ ಮುಖಕ್ಕೆ ಉಗಿಯುವವಳಲ್ಲ. ಮಚ್ಚನ್ನು ಒರೆಗೆ ಹಾಕಿದಳು.

ಹತ್ತು ದಿನ ಕಳೆದು, ಉಗತ್‌ನ ಗುಡ್ಡದಲ್ಲಿ ಎಲ್ಲರೂ ಮುಯ್ಯಾಳಾಗಿ ಕಾಡು ಕಡಿಯುತ್ತಿದ್ದರು. ತನ್ನ ಮಚ್ಚು ಮೊಂಡಾಯಿತೆಂದು ಉಗತ್ ಲೆಂಬಾಳದನ್ನು ಇಸಿದುಕೊಂಡ. ಆರನೆಯದೋ ಏಳನೆಯದೋ ಏಟಿಗೆ ಹಿಡಿಯ ಬುಡದಲ್ಲೇ ಮುರಿದು ಅಲಗು ತಿರುಗಿತು. ಎರಡು ಬೆರಳು ಎಲೆಗಳ ಮೇಲೆ ಬಿದ್ದವು. ಹಿಡಿ ಸೀಳಿ ನೋಡಿದರೆ, ಒಳಗಿದ್ದ ಬಾಲ ಮೊಳೆಯಷ್ಟು ಸಣ್ಣದು.

ಅವತ್ತು ಪಡಸಾಲೆಯಲ್ಲಿ ಉದ್ದಮನೆಯವರೆಲ್ಲ ಸೇರಿದರು. "ಯಾರು ಆರಿಸಿದ ಮಚ್ಚು ಇದು?" ಯಜಮಾನ ಜರಾವ್ ಕೇಳಿದ. ಸಿಬತ್ ಬಾಯಿ ತೆರೆದ.

"ನಾನು," ಲೆಂಬಾ ಅಂದಳು. "ಹೋದ ಸಲ ಪೇಟೆಗೆ ಹೋದಾಗ ಆರಿಸಿ ಇಟ್ಟು ಬಂದಿದ್ದೆ. ಇವನು ಬರೀ ಹೊತ್ಕೊಂಡು ಬಂದ."

ತಪ್ಪಿಗೆ ದಂಡವಾಗಿ ಹಂದಿ ಕೊಟ್ಟಳು. ಆಮೇಲೆ ಒಲೆಯ ಹತ್ತಿರ ಸಿಬತ್‌ಗೆ ಹೇಳಿದಳು: "ನಿಂಗಿನ್ನೂ ಮದುವೆ ಆಗ್ಬೇಕು. ನಂದಾಗಿ ಮುಗೀತು. ಬಾಯಿ ಮುಚ್ಕೊಂಡಿರು."

ಅವನು ಮುಚ್ಚಿಕೊಂಡಿದ್ದ. ಚಿಕ್ಕಮ್ಮನ ಬೇರೆ ಯಾವ ಮಾತನ್ನೂ ಅಷ್ಟು ಚೆನ್ನಾಗಿ ಪಾಲಿಸಿರಲಿಲ್ಲ.

ಅಲ್ಲಿಂದ ಲೆಂಬಾಳನ್ನು ಕರೆಯಲು ಯಾರ ದೋಣಿಯೂ ಬರಲಿಲ್ಲ. ಅವಳು ಮತ್ತೆ ಆರಿಸಿದ್ದು ಒಂದೇ ಮಚ್ಚು. ಸಿಬತ್‌ನ ಮದುವೆಗೆಂದು ಎರಡು ದಿನ ಹೊಳೆ ಹತ್ತಿ ಹೋಗಿ, ಕಮ್ಮಾರನ ಕುಲುಮೆಯ ಮುಂದೆ ಕೂತು ಆರಿಸಿ ತಂದಳು. "ಮೀಟಿ ನೋಡು," ಅಂದಳು. ಅವನಿಗೆ ಅವಳೆದುರು ಮಚ್ಚನ್ನು ಕಿವಿಗಿಡಲು ಮುಖವಿರಲಿಲ್ಲ. ನಾಳೆ ನೋಡ್ತೀನಿ ಅಂದ.

*

ಲೆಂಬಾಳ ಹೆಣದ ಪೆಟ್ಟಿಗೆ ಹೊತ್ತ ದೋಣಿ ಬಂತು. ಪೆಟ್ಟಿಗೆಯನ್ನು ಗುಂಡಿಗೆ ಇಳಿಸಿದರು. ಲೆಂಬಾಳ ಮಗಳು ಸುಲಾಯ್ ತಾಯಿಯ ಸಾಮಾನನ್ನು ಚಾಪೆಯ ಮೇಲೆ ಜೋಡಿಸಿ, ಒಂದೊಂದನ್ನೇ ಮುರಿಯತೊಡಗಿದಳು. ಸತ್ತವರಿಗೆ ಕೊಡುವುದನ್ನು ಮುರಿದೇ ಕೊಡಬೇಕು. ಇಲ್ಲಿ ಮುರಿದದ್ದು ಅಲ್ಲಿ ಇಡಿಯಾಗುತ್ತದೆ. ಗಡಿಗೆ ಒಡೆದಳು, ಬುಟ್ಟಿಯ ತಳ ಒದ್ದಳು, ಸೀರೆಯಗಲದ ನೇಯ್ಗೆಯ ಬಟ್ಟೆಯನ್ನು ಅಂಚಿನಲ್ಲಿ ಹರಿದಳು.

"ಮಚ್ಚು?" ಜರಾವ್ ಕೇಳಿದ. ಅವನಿಗೀಗ ಎಂಬತ್ತು.

ಸುಲಾಯ್ ತಲೆ ತಗ್ಗಿಸಿದಳು. "ಅಮ್ಮನ ಹತ್ರ ಸೊಪ್ಪು ಕೊಯ್ಯೋ ಚೂರಿ ಬಿಟ್ರೆ ಏನಿರಲಿಲ್ಲ ಮಾವ. ಆಮೇಲೆ ಅವಳು ತಗೊಳ್ಳಲೇ ಇಲ್ಲ."

ಸಿಬತ್ ಸೊಂಟದಿಂದ ತನ್ನ ಮಚ್ಚನ್ನು ಎಳೆದು ಚಾಪೆಯ ಮೇಲಿಟ್ಟ. "ಇದನ್ನ ಕೊಡಿ. ಚಿಕ್ಕಮ್ಮನೇ ಆರಿಸಿದ್ದು." ಇನ್ನೂ ಹೇಳುವುದಿತ್ತು. ಹೇಳದೆ ಕೊಡಲಿ ಕೈಗೆತ್ತಿಕೊಂಡ.

"ಅವಳು ಆರಿಸಿದ್ದಾ? ಹಾಗಾದ್ರೆ ಮುರಿಯೋಕೆ ಶ್ರಮ ಇಲ್ಲ," ಉಗತ್ ಅಂದ. "ಕೆಮ್ಮಿದ್ರೆ ಸಾಕು."

ಈ ಸಲ ಹೆಂಗಸರೂ ನಕ್ಕರು. ಸುಲಾಯ್ ನಗಲಿಲ್ಲ.

ಎರಡು ಕಲ್ಲಿನ ಮೇಲೆ ಅಡ್ಡಲಾಗಿ ಮಚ್ಚನ್ನಿಟ್ಟರು. ಸಿಬತ್ ಕೊಡಲಿ ತಿರುಗಿಸಿ ಅದರ ಹಿಂಬದಿಯಿಂದ ಹೊಡೆದ. ಅಲಗು ಬಾಗಿತು, ಮತ್ತೆ ನೆಟ್ಟಗಾಯಿತು. ಇನ್ನೊಮ್ಮೆ ಹೊಡೆದ. ಹಾಗೇ ಆಯಿತು. ನಗು ನಿಂತಿತು. ಮೂರನೆಯ ಏಟಿಗೆ ಎಡಗಡೆಯ ಕಲ್ಲು ಎರಡು ಹೋಳಾಯಿತು. ಮಚ್ಚು ಮಣ್ಣಿನ ಮೇಲೆ ಇಡಿಯಾಗಿ ಬಿದ್ದಿತ್ತು.

ಉಗತ್ ಎದ್ದು ಬಂದ. ಮಚ್ಚನ್ನು ನೋಡಿದ, ತನ್ನ ಕೈ ನೋಡಿಕೊಂಡ. "ಇದು ಅವಳು ಆರಿಸಿದ್ದಾದ್ರೆ, ಅದನ್ನ ಆರಿಸಿದ್ದು ಯಾರು?"

ಸಿಬತ್ ಕೊಡಲಿಯನ್ನು ಕೆಳಗಿಟ್ಟ.

"ನಾನು," ಅಂದ. "ಅಂಗಡೀಲಿ ನಗ್ತಾರೆ ಅಂತ ನೋಡ್ದೇನೇ ತಂದುಬಿಟ್ಟೆ ಮಾವ. ಚಿಕ್ಕಮ್ಮನಿಗೆ ಸುಳ್ಳು ಹೇಳ್ದೆ. ಅವಳು ನನ್ನ ತಪ್ಪನ್ನ ತನ್ನ ಮೇಲೆ ಹಾಕ್ಕೊಂಡ್ಳು."

"ಇಪ್ಪತ್ತೆಂಟು ವರ್ಷ," ಉಗತ್ ನಿಧಾನವಾಗಿ ಅಂದ. "ನನ್ನ ಪಡಸಾಲೇಲಿ ಕೂತು ಉಂಡಿದ್ಯಲ್ಲೋ. ನಾನು ಅವಳನ್ನ ಆಡ್ಕೊಂಡಾಗೆಲ್ಲ ನನ್ನ ಜೊತೆ ನಕ್ಕಿದ್ಯಲ್ಲೋ."

"ನಕ್ಕಿದೀನಿ."

ಸುಲಾಯ್ ಒಡೆದ ಗಡಿಗೆಯ ಚೂರುಗಳನ್ನು ಒಟ್ಟು ಮಾಡುತ್ತಿದ್ದಳು. "ಹೇಳ್ಬೇಕಿತ್ತು ಅಣ್ಣ," ಅಂದಳು, ಅವನತ್ತ ನೋಡದೆ. "ಮೊನ್ನೆವರೆಗೂ ಅವಳಿಗೆ ಕಿವಿ ಕೇಳಿಸ್ತಿತ್ತು."

ಸಿಬತ್‌ಗೆ ಗುಂಡಿಗೆ ತಾನೇ ಇಳಿದುಬಿಡೋಣ ಅನಿಸಿತು. ಇಳಿಯಲಿಲ್ಲ. ಅಲ್ಲೇ ನಿಂತಿದ್ದ.

ಜರಾವ್ ಗಂಟಲು ಸರಿಮಾಡಿಕೊಂಡ. "ಅಲಗು ಮುರಿಯಲ್ಲ. ಹಿಡಿ ಸೀಳಿ. ಅಷ್ಟಾದ್ರೆ ಸಾಕು."

ಕೊಡಲಿಯ ಒಂದೇ ಏಟಿಗೆ ಮರದ ಹಿಡಿ ಸೀಳಿತು. ಒಳಗಿದ್ದ ಬಾಲವನ್ನು ಎಲ್ಲರೂ ಬಗ್ಗಿ ನೋಡಿದರು. ಹೆಬ್ಬೆರಳಷ್ಟು ಅಗಲ.

ಉಗತ್ ಬರಿಯ ಅಲಗನ್ನು ಎಡಗೈಯಲ್ಲಿ ಬಾಲ ಹಿಡಿದು ಎತ್ತಿಕೊಂಡ. ಬಲಗೈಯಲ್ಲಿ ಉಳಿದಿದ್ದ ಬೆರಳೊಂದರ ಉಗುರಿನಿಂದ ಮೀಟಿ ಕಿವಿಗಿಟ್ಟುಕೊಂಡ. ಬಹಳ ಹೊತ್ತು ಹಾಗೇ ನಿಂತಿದ್ದ. ಆಮೇಲೆ ಸಿಬತ್‌ನ ಹತ್ತಿರ ಬಂದು, ಇನ್ನೊಮ್ಮೆ ಮೀಟಿ, ಅಲಗನ್ನು ಅವನ ಕಿವಿಯ ಪಕ್ಕ ಹಿಡಿದ.

"ಕೇಳು," ಅಂದ.

ಸಿಬತ್ ತಲೆ ತಗ್ಗಿಸಿಕೊಂಡೇ ಕೇಳಿದ. ಸದ್ದು ಬಾಲದಿಂದ ಮೂತಿಯವರೆಗೆ ಎಲ್ಲಿಯೂ ನಿಲ್ಲದೆ ಓಡಿತು.