ಕವಡೆಯ ಗೆರೆ

"ಹಗ್ಗ ಆರ ಸರಿಯಾಗಿ ಬಿಗೀಲೇ! ಹುಟ್ಟಿದಾಗಿಂದ ಹೊಲಕ್ಕ ಬರೋ ಚಿಗರಿ ಕಾದ ನಿಮ್ಮಪ್ಪ. ಕಡೀಕ ಚಿಗರಿಗೂ ಕವಡಿಗೂ ಫರಕ್ ತಿಳೀಲಿಲ್ಲ ಆ ದಡ್ಡಗ!"

ಹೊಲದೊಡೆಯ ಉರುಕುಂದಪ್ಪ ಅಂದದ್ದು ಅಂಗಳ ತುಂಬ ಕೂತವರಿಗೆಲ್ಲ ಕೇಳಿಸಿತು. ಚಟ್ಟದ ಬಿದಿರಿಗೆ ಹಗ್ಗ ಸುತ್ತುತ್ತಿದ್ದ ಓಬಳೇಶನ ಕೈ ನಿಂತಿತು. ಅವನ ಅಪ್ಪ ಸುಂಕಣ್ಣ ಕಟ್ಟೆಯ ಮೇಲೆ ಹೆಣವಾಗಿ, ಕೊರಳಲ್ಲಿ ಚೆಂಡುಹೂವಿನ ಹಾರ ಹಾಕಿಕೊಂಡು, ಬೈಗುಳ ಬೇರೆ ಯಾರಿಗೋ ಎಂಬಂತೆ ಗೋಡೆಗೊರಗಿ ಕೂತಿದ್ದ.

"ಬಿಡ್ರಿ ಸಾವಕಾರ್ರ, ಸತ್ತಾನ," ಎಂದ ಪಕ್ಕದ ಮನೆಯ ಬಜಾರಪ್ಪ, ಬೀಡಿ ಆರಿಸುತ್ತ. "ಆದ್ರ ಆ ದಿನ ಮಾತ್ರ ಹೊಟ್ಟಿ ಹಿಡಕೊಂಡು ನಕ್ವಿ ನೋಡ್ರಿ."

ಹಲಗೆ ಬಡಿಯುವವನೂ ನಕ್ಕ. ಓಬಳೇಶ ಮೇಷ್ಟ್ರ ಬೆತ್ತ ಮುರಿದು ನಾಲ್ಕನೇ ತರಗತಿಗೇ ಶಾಲೆ ಬಿಟ್ಟವನು. ಬಾಯಿಗಿಂತ ಮೊದಲು ಅವನ ಕೈ ಏಳುತ್ತಿತ್ತು; ಈಗಲೂ ಎದ್ದಿತು. ಹೊಸ್ತಿಲಲ್ಲಿ ಕೂತ ಅವ್ವ ಗಂಗಕ್ಕ ಅದನ್ನು ಕಂಡು, ಬೇಡವೆಂದು ತಲೆಯಾಡಿಸಿದಳು. ಆಕೆ ಕೂಲಿಗೆ ಹೋಗುವುದು ಉರುಕುಂದಪ್ಪನ ಹತ್ತಿ ಹೊಲಕ್ಕೆ. ಗುಡಿಸಲು ನಿಂತ ನೆಲವೂ ಅವನದೇ.

ಓಬಳೇಶ ಹಗ್ಗವನ್ನು ಎಷ್ಟು ಜಗ್ಗಿ ಬಿಗಿದನೆಂದರೆ ಬಿದಿರು ಕಿರ್ರೆಂದಿತು.

* * *

ಆ ದಿನ ಎಂದರೆ ಓಬಳೇಶ ಇನ್ನೂ ಹುಡುಗನಾಗಿದ್ದಾಗಿನದು. ಆಲೂರು ಸೀಮೆ ಆಂಧ್ರಕ್ಕೆ ಸೇರಿದ ಮರುವರ್ಷ ಶ್ರೀರಾಮುಲು ಎಂಬ ಅಧಿಕಾರಿ ಜೀಪಿನಲ್ಲಿ ಬಂದಿಳಿದ. ಕಡಲೆ, ಜೋಳ ಮೇಯುವ ಚಿಗರಿಗಳ, ಅಂದರೆ ಜಿಂಕೆಗಳ, ಹಿಂಡನ್ನು ಬಂದೂಕಿನಿಂದ ಹೊಡೆಸುವುದೆಂದಾಗಿತ್ತು. ಆದರೆ ಬಂದೂಕಿನವರು ಕೂರುವುದೆಲ್ಲಿ? ಹಿಂಡು ಎಷ್ಟು ಸಲ ನೆಟ್ಟಗೆ ಹೋಗುತ್ತದೆ, ಎಷ್ಟು ಸಲ ಎಡಕ್ಕೆ ಬಲಕ್ಕೆ ಹೊರಳುತ್ತದೆ ಎಂದು ಲೆಕ್ಕ ಕಟ್ಟಿದ ಶ್ರೀರಾಮುಲು, ಆ ಲೆಕ್ಕದಂತೆ ಕವಡೆ ಎಸೆದು, ಅದು ಬಿದ್ದಂತೆ ಗೆರೆ ಹೊರಳಿಸುತ್ತ ಚಾವಡಿಯ ನೆಲದ ಮೇಲೆ ಸುಣ್ಣದಲ್ಲಿ ಒಂದು ದಾರಿ ಬರೆದ. ಅದರ ಮಗ್ಗುಲಿಗೆ, ಹಿಂಡು ನಿಜವಾಗಿ ನಡೆದ ದಾರಿಯನ್ನು ಗೊರಸಿನ ಗುರುತು ಅಳೆದು ಬರೆದ. ಎರಡರಲ್ಲಿ ಚಿಗರಿಯದು ಯಾವುದೆಂದು ಬಲ್ಲವನಿಗೂ ಗೊತ್ತಾಗದಿದ್ದರೆ ಲೆಕ್ಕ ಗೆದ್ದಂತೆ. ಅದು ತೋರಿಸಿದಲ್ಲಿ ಬಂದೂಕು ಕೂರಿಸಬಹುದು.

ಬಲ್ಲವನೆಂದರೆ ಹೊಲ ಕಾಯುವ ಸುಂಕಣ್ಣ.

"ಚೂಡು ಸುಂಕಣ್ಣಾ, ನೋಡಿ ಹೇಳು. ಚಿಗರಿ ನಡೆದದ್ದು ಯಾವುದು?" ಎಂದ ಶ್ರೀರಾಮುಲು.

ಸುಂಕಣ್ಣ ಕುಕ್ಕರಗಾಲಲ್ಲಿ ಕೂತು ಒಂದು ಗೆರೆಯ ಮೇಲೆ ಬೆರಳಾಡಿಸಿದ. ಒಂದು ಕಡೆ ಬೆರಳು ನಿಂತಿತು. ಬಹಳ ಹೊತ್ತು ಅಲ್ಲೇ ಇತ್ತು. ಆಮೇಲೆ ಎದ್ದು ಇನ್ನೊಂದು ಗೆರೆಯ ಮೇಲೆ ಕಾಲಿಟ್ಟ.

"ಇದ ರೀ."

ಅದು ಕವಡೆಯದು. ಚಾವಡಿಗೆ ಚಾವಡಿಯೇ ನಕ್ಕಿತು. ಶ್ರೀರಾಮುಲು ಖುಷಿಯಿಂದ ಅವನ ಕೈ ಕುಲುಕಿದ. ಬಂದೂಕಿನವರು ಲೆಕ್ಕ ತೋರಿಸಿದ ಕಡೆ ಕಾದು ಕಾದು ವಾಪಸಾದರು. ಹಿಂಡು ಬೇರೆ ದಿಕ್ಕಿನಿಂದ ಬಂದು ಉರುಕುಂದಪ್ಪನ ಕಡಲೆ ಮೇಯಿತು.

ಆ ದಿನ ಅಪ್ಪನ ಜೊತೆ ಚಾವಡಿಯಿಂದ ಮನೆಗೆ ಬರುವಾಗ ಓಬಳೇಶ ಅಳುವಂತಾಗಿದ್ದ. "ನಿನಗ ಖರೇನ ತಿಳೀಲಿಲ್ಲೇನಪ್ಪಾ?"

"ತಿಳೀದೇನಲೇ? ಆ ಒಂದು ಗೆರಿ ಒಂದ ತಾವಿಗೆ ಸುತ್ತಿ ಸುತ್ತಿ ಬಂದಿತ್ತು, ನೋಡಿದೇನು? ಅಲ್ಲಿ ಮರಿ ಮಲಗಿಸ್ಯಾವ. ಕವಡಿಗೆ ಮರಿ ಎಲ್ಲಿ?"

"ಮತ್ತ್ಯಾಕ ಸುಳ್ಳು ಹೇಳ್ದಿ? ಎಲ್ಲಾರೂ ನಕ್ರು!"

"ನಗಲಿ ಬಿಡು. ಚಿಗರಿ ಇಲ್ಲಂದ್ರ ಹೊಲ ಕಾಯಾಕ ನನ್ನ ಯಾರು ಕರೀತಾರ?" ಎಂದು ತಾನೂ ನಕ್ಕ ಸುಂಕಣ್ಣ, ಸ್ವಲ್ಪ ದೂರ ನಡೆದ ಮೇಲೆ ದನಿ ಇಳಿಸಿದ. "ಅಂಜಿಸಿ ಓಡಿಸೋದು ನನ್ನ ಕೆಲಸ. ತೋರಿಸಿ ಕೊಲ್ಲಿಸೋದಲ್ಲ."

ಆಮೇಲೂ ಎಷ್ಟೋ ಬೆಳಗು ಅಪ್ಪ, ಮಗ ಹೊಲದ ಅಟ್ಟದ ಮೇಲೆ ಮಗ್ಗುಲಲ್ಲಿ ಕೂತು ಕವಣೆ ಬೀಸಿದರು. ಹಿಂಡು ಪುಟಪುಟ ನೆಗೆದು ಬಯಲಿಗಿಳಿಯುವಾಗ ಸುಂಕಣ್ಣ ಅವುಗಳ ಬೆನ್ನ ಹಿಂದಿನಿಂದ ಕೂಗುತ್ತಿದ್ದ: "ಹೋಗ್ರವ್ವಾ, ಹೋಗ್ರಿ! ನಾಳೆ ಬರ್ರಿ!"

* * *

ಕುಣಿಗೆ ಮಣ್ಣೆಳೆದು ಎಲ್ಲರೂ ಬಾವಿಗೆ ಬಂದರು. ಕೈಕಾಲು ತೊಳೆದುಕೊಂಡ ಉರುಕುಂದಪ್ಪ ಮೆತ್ತಗಾಗಿದ್ದ.

"ದಿನಕರ್ಮ ಆದ ಮ್ಯಾಲ ನಿಮ್ಮವ್ವ ಹತ್ತಿ ಬಿಡಿಸಾಕ ಬರಲಿ. ಗುಡಿಸಲ ಚಿಂತಿ ಬ್ಯಾಡ. ದಡ್ಡ ಇದ್ರೂ ನಂಬಿಗಸ್ತ ಇದ್ದ ನಿಮ್ಮಪ್ಪ."

ಬಜಾರಪ್ಪನಿಗೆ ಬಾಯಿ ತಡೆಯಲಿಲ್ಲ. "ಲೇ ಓಬಳೇಶಾ, ಇವತ್ತಾರ ಹೇಳಲೇ. ಅಷ್ಟು ವರ್ಷ ಕಾದಾವಗ ಖರೇನ ಗೊತ್ತಾಗಲಿಲ್ಲೇನು? ಇಲ್ಲಾ ನಮ್ಮನ್ನ ಆಟ ಆಡಿಸಿದನೇನು?"

ಉರುಕುಂದಪ್ಪ ಮುಖ ಒರೆಸುವುದನ್ನು ನಿಲ್ಲಿಸಿ ತಿರುಗಿ ನೋಡಿದ. ಎಲ್ಲರೂ ನೋಡಿದರು. ಗೊತ್ತಿತ್ತು ಎಂದರೆ ಅಪ್ಪ ದಡ್ಡನಲ್ಲ, ಸಾವಕಾರನಿಗೆ ಸುಳ್ಳು ಹೇಳಿದವನೆಂದಾಗುತ್ತದೆ; ಸಂಜೆಯೊಳಗೆ ಅವ್ವ ಬೀದಿಗೆ ಬೀಳುತ್ತಾಳೆ. ಗೊತ್ತಿರಲಿಲ್ಲ ಎಂದು ಅಪ್ಪನನ್ನು ದಡ್ಡನೆನ್ನಲು, ಅವನಿಗೆ ಆಗತಾನೇ ಮಣ್ಣು ಹಾಕಿ ಬಂದ ಕೈ ಇನ್ನೂ ಒಣಗಿರಲಿಲ್ಲ.

ಓಬಳೇಶ ಮುಕ್ಕಳಿಸಲು ಬಾಯಿ ತುಂಬ ನೀರು ತೆಗೆದುಕೊಂಡಿದ್ದ. ಕೊಡವನ್ನು ಬಾವಿಕಟ್ಟೆಯ ಮೇಲಿಟ್ಟು, ಕೊಯ್ದ ಜೋಳದ ಕೂಳೆ ತುಳಿಯುತ್ತ ನಡೆದುಬಿಟ್ಟ.

"ಏ, ಉಗುಳಿ ಆರ ಹೋಗಲೇ!" ಯಾರೋ ಹಿಂದಿನಿಂದ ಕೂಗಿದರು.

ಊರಿನ ಮಾಳಿಗೆಗಳು ಕಾಣುವವರೆಗೂ ಅವನ ಕೆನ್ನೆಗಳು ಉಬ್ಬಿಕೊಂಡೇ ಇದ್ದವು.