ಆಚೆ ದಂಡೆಯ ಮಣ್ಣು

ಹೊನ್ನಾಳಿಯಿಂದ ಸ್ವಲ್ಪ ಕೆಳಗೆ ತುಂಗಭದ್ರೆ ತಿರುಗುವಲ್ಲಿ, ತಿರುವಿನ ಹೊರಮಗ್ಗುಲಿಗೆ ಶಂಕರಮ್ಮ, ದಾಸಪ್ಪ ದಂಪತಿಯ ಗದ್ದೆ. ಮಳೆಗಾಲದಲ್ಲಿ ಹೊಳೆ ಅಲ್ಲಿಗೇ ನೇರ ಬಂದು ಬಡಿದು ದಂಡೆಯ ಬುಡ ಕೊರೆಯುತ್ತದೆ. ಮೇಲಿನ ಮಣ್ಣು ಕೆಲವು ದಿನ ಹಾಗೇ ಚಾಚಿಕೊಂಡು ನಿಂತಿದ್ದು ಆಮೇಲೆ ಧೊಪ್ಪೆಂದು ನೀರಿಗೆ ಬೀಳುತ್ತದೆ. ಹೋದ ವರ್ಷ ಆಗಸ್ಟಿನಲ್ಲಿ ಪಂಪ್‌ಸೆಟ್ಟಿನ ಕೋಣೆ, ಅದರ ಪಕ್ಕದ ಹೊಂಗೆಮರ, ಆಗಷ್ಟೇ ನಾಟಿ ಮಾಡಿದ್ದ ಮಡಿಗಳು ಒಂದೇ ಬೆಳಿಗ್ಗೆ ಹೋದವು.

"ಹೊಳೆ ಜೊತೆ ಜಗಳ ಮಾಡಾಕೆ ಆಗ್ತೈತೇನು?" ಎಂದ ದಾಸಪ್ಪ, ಅಲ್ಲಿಗೆ ಬಿಟ್ಟ. ಶಂಕರಮ್ಮನಿಗೆ ಬಿಡಲಾಗಲಿಲ್ಲ.

ಬೇಸಿಗೆಗೆ ನೀರು ಇಳಿದಾಗ ಆಚೆ ದಂಡೆಯಲ್ಲಿ ಹೊಸದಾಗಿ ಒಂದು ದಿಬ್ಬ ಕಂಡಿತು. ಅದರ ಮೇಲೆ ಯಾರೋ ಕಲ್ಲಂಗಡಿ ಬಳ್ಳಿ ಹಬ್ಬಿಸಿದ್ದರು.

"ನಮ್ಮ ಗದ್ದೆ ಅಲ್ಲೈತೆ ನೋಡ್ರಿ" ಎಂದವಳೇ ಬಸ್ ಹತ್ತಿ, ಸೇತುವೆ ದಾಟಿ, ಬಿಸಿಲಲ್ಲಿ ನಡೆದು ಹೋದಳು.

ಬಳ್ಳಿಗೆ ನೀರು ಹಾಕುತ್ತಿದ್ದ ಮುದುಕನ ಹೆಸರು ವಿರೂಪಾಕ್ಷಪ್ಪ. ಅವಳ ತಕರಾರನ್ನು ಅವನು ಪೂರ್ತಿ ಕೇಳಿಸಿಕೊಂಡ. ನಗಲಿಲ್ಲ.

"ನಿಮ್ಮ ಮಣ್ಣು ಐತೇನೋ ನೋಡ್ರಮ್ಮ. ಇದ್ರೆ ತಗೊಂಡು ಹೋಗ್ರಿ."

ಶಂಕರಮ್ಮ ಕೂತು ಮುಷ್ಟಿ ತುಂಬ ಎತ್ತಿದಳು. ಬೆರಳ ಸಂದಿಯಿಂದ ಎಲ್ಲ ಸುರಿದುಹೋಯಿತು. ಮೊಣಕೈವರೆಗೆ ತೋಡಿದಳು: ಹೊಳೆಯುವ ಮರಳು, ನುಣುಪಾದ ಹರಳು, ಮತ್ತೆ ಮರಳು. ಅವಳ ಗದ್ದೆಯದು ಕಾಲಿಗೆ ಮೆತ್ತುವ ಕಪ್ಪು ಜಿಗುಟು ಮಣ್ಣು.

"ಇದು ಮಲೆನಾಡಿನ ಕಡೆ ಬಂಡೆ ಸವೆದು ಬಂದಿದ್ದು, ಭಾರ, ಅದಕ್ಕೆ ಇಲ್ಲೇ ಕೂತೈತೆ" ಎಂದ ಮುದುಕ. "ನಿಮ್ಮದು ಹಗುರ. ನೀರಾಗೆ ಕರಗಿ ಮುಂದೆ ಹೋಗಿರ್ತೈತೆ, ಹೊಸಪೇಟೆ ಡ್ಯಾಮಿಗೆ."

ಅವಳ ಕಣ್ಣು ತುಂಬಿತು. ಅಲ್ಲಿವರೆಗೆ ಸಿಟ್ಟಿತ್ತು, ಈಗ ಸಿಟ್ಟು ಮಾಡಲು ಯಾರೂ ಇರಲಿಲ್ಲ. ಮುದುಕ ಅವಳನ್ನು ಹೊಲದ ಹಿಂದಕ್ಕೆ ಕರೆದೊಯ್ದ. ಅಲ್ಲಿ ಉದ್ದಕ್ಕೂ ಒಂದು ತಗ್ಗು, ಅದರ ತುಂಬ ಜೊಂಡು.

"ನಮ್ಮಜ್ಜನ ಕಾಲಕ್ಕೆ ಹೊಳೆ ಈ ತಗ್ಗಿನಾಗೆ ಹರೀತಿತ್ತಂತೆ. ನಮ್ಮ ಮನೇನೂ ಕಡಕೊಂಡು ಹೋತು. ಆವಾಗ ನಿಮ್ಮ ಕಡೆ ನೆಲ ಬೆಳೀತು."

ಮರುದಿನ ಶಂಕರಮ್ಮ ಹೊಳೆಗೆ ಇಳಿದು, ಕುಸಿದ ತನ್ನ ದಂಡೆಯನ್ನು ಕೆಳಗಿನಿಂದ ನೋಡಿದಳು. ಮರಳಿನ ಒಂದು ಪದರ, ಅದರ ಮೇಲೆ ಕಪ್ಪು ಮಣ್ಣು, ಮತ್ತೆ ಮರಳು, ಮತ್ತೆ ಕಪ್ಪು. ಎಷ್ಟೋ ನೆರೆಗಳು ತಂದು ಹಾಸಿದ ಗದ್ದೆ ಅದು. ಮದುವೆಯಾಗಿ ಬಂದಾಗಿನಿಂದ ಅಲ್ಲೇ ಕಳೆ ಕಿತ್ತಿದ್ದವಳಿಗೆ ಈ ಕಡೆಯಿಂದ ನೋಡಬೇಕೆಂದು ಹೊಳೆದೇ ಇರಲಿಲ್ಲ.

ಸಂಜೆ ಗಂಡನಿಗೆ ಹೇಳಿದಳು: "ದಂಡೆ ಮಗ್ಗುಲಿನ ಪಟ್ಟಿಗೆ ನಾಟಿ ಬೇಡ. ಲಾವಂಚ ಹಚ್ಚಾನ. ಬೇರು ಮಣ್ಣು ಹಿಡಕಳ್ಳಲಿ."

"ಉಳಿದಿರೋದನ್ನೂ ನಾವೇ ಬಿಡಾದೇನು?" ದಾಸಪ್ಪ ರೇಗಿದ. ಬೆಳಿಗ್ಗೆ ಅವಳೊಬ್ಬಳೇ ಗುಂಡಿ ತೋಡಿ, ದಂಡೆಯುದ್ದಕ್ಕೂ ಲಾವಂಚದ ಬುಡ ಹೂಳಿದಳು.

ಈ ಮಳೆಗಾಲ ಹೊಳೆ ಮತ್ತೆ ತುಂಬಿ ಬಂತು. ತಿರುವಿನ ಮೂಲೆಯಲ್ಲಿ ಲಾವಂಚವೂ ಸೇರಿ ಒಂದಿಷ್ಟು ನೆಲ ಹೋಯಿತು. ಉಳಿದ ಕಡೆ ದಂಡೆ ನಿಂತಿತು. ನೀರು ಇಳಿದ ಮೇಲೆ ದಾಸಪ್ಪ ಗದ್ದೆಯನ್ನು ಒಂದು ಸುತ್ತು ನೋಡಿ ಬಂದ. ಸೋಮವಾರ ನ್ಯಾಮತಿಗೆ ಹೋದವನು ಲಗೇಜ್ ಆಟೋದ ತುಂಬ ಬಿದಿರಿನ ಸಸಿ ಹೇರಿಕೊಂಡು ಬಂದು, "ಎಲ್ಲಿ ಇಳಸಾದು ಇವನ್ನ?" ಎಂದು ಹೆಂಡತಿಯನ್ನು ಕೇಳಿದ.