ಇಸ್ತ್ರಿ ಐಟಂ

ಕೊನೆಯ ಮೆಷಿನ್ ನಿಂತರೂ ಮೇಲ್ವಿಚಾರಕಿಯ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ನಿಂತಿರಲಿಲ್ಲ. ಹೊಲಿಗೆ ಕಾರ್ಖಾನೆಯ ಪ್ರತಿಭಾ ಸಂಜೆ ನಡೆಸುವ ಭಾರ ಈ ವರ್ಷವೂ ಅವಳ ಹೆಗಲಿಗೇ ಬಿದ್ದಿತ್ತು. ಬಟ್ಟೆಯ ಮೂಟೆಗೆ ಒರಗಿ ಕಾಲು ಚಾಚಿದ್ದಳಷ್ಟೆ, ಇಸ್ತ್ರಿಯಣ್ಣ ಬಂದು ನಿಂತ.

“ಅಕ್ಕಾ, ಆ ದಿನ ನಂಗೆ ರ... ರ...”

“ರಜೆಯಾ?” ಅವನ ಮಾತನ್ನು ಮುಗಿಸಿಕೊಡುವುದು ಅಲ್ಲಿ ಎಲ್ಲರಿಗೂ ರೂಢಿ. “ನೀನಿಲ್ದಿದ್ರೆ ಹೇಗಣ್ಣ? ಎಲ್ಲರಿಗಿಂತ ಜೋರಾಗಿ ನಗೋನೇ ನೀನು.”

“ಈ ಸಲ ಮನೆಯೋರ್ನೂ ಕ... ಕರೆದಿದ್ದೀರಲ್ಲ. ಮಗಳು ಬರ್ತೀನಂತ ಹಟ ಹಿಡಿದವ್ಳೆ.”

ಅವಳು ಕಾಲು ಮಡಚಿಕೊಂಡಳು. ಪ್ರತಿ ವರ್ಷ ಮೆಕ್ಯಾನಿಕ್ ವೇದಿಕೆ ಹತ್ತಿ ಇವನ ತೊದಲನ್ನೇ ಅಣಕಿಸುತ್ತಿದ್ದ. ಸಭೆ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಅವಳೂ ನಕ್ಕವಳೇ.

“ಕರ್ಕೊಂಡು ಬಾ. ನಾನು ಅವನ ಹತ್ರ ಮಾತಾಡ್ತೀನಿ.”

ಮೆಕ್ಯಾನಿಕ್ ಮೆಷಿನ್ನಿನ ಅಡಿಯಿಂದಲೇ ಉತ್ತರಿಸಿದ. “ಅಣ್ಣನೇ ನಗ್ತಾನೆ, ನಿಮಗ್ಯಾಕಕ್ಕ ಉರಿ?”

“ನಗದೆ ಏನ್ಮಾಡ್ತಾನೆ? ಎದ್ದು ಹೋದ್ರೆ ಅದಕ್ಕೂ ನಗ್ತೀವಿ.”

ಅವನು ಎಣ್ಣೆ ಮೆತ್ತಿದ ಮುಖ ಹೊರಗೆ ಚಾಚಿದ. “ವರ್ಷವೆಲ್ಲ ಇಲ್ಲೇ ಬಿದ್ದಿರ್ತೀನಿ. ಜನ ನನ್ನ ಮುಖ ನೋಡೋದು ಅದೊಂದ್ಸಲ. ಅದನ್ನೂ ಕಿತ್ಕೋತೀರಾ?”

ಅವಳಲ್ಲಿ ಜಗಳವಾಡುವ ತ್ರಾಣ ಉಳಿದಿರಲಿಲ್ಲ. “ಈ ಸಲ ಅಣ್ಣನ ಮಗು ಮುಂದೇನೇ ಕೂತಿರುತ್ತಪ್ಪ. ಆಮೇಲೆ ನಿನ್ನಿಷ್ಟ,” ಎಂದು ಸೊಂಟ ಹಿಡಿದುಕೊಂಡು ಎದ್ದಳು.

ಆ ಸಂಜೆ ಗುಂಡಿ ಹಚ್ಚುವ ಹೆಂಗಸರು ಹಾಡಿದರು. ಕಾವಲುಗಾರ ಇಸ್ಪೀಟಿನ ಜಾದು ತೋರಿಸಹೋಗಿ ಎಲೆಗಳನ್ನೆಲ್ಲ ಕೆಳಗೆ ಚೆಲ್ಲಿದ. ಮೆಕ್ಯಾನಿಕ್ ಕೆಟ್ಟ ಲಾರಿಯ ಸದ್ದು ಮಾಡಿದ, ಮಾಲೀಕರ ಕೆಮ್ಮು ಕೆಮ್ಮಿದ. ಹಿಂದಿನಿಂದ ಕೂಗು ಎದ್ದಿತು: “ಇಸ್ತ್ರಿ ಐಟಂ! ಇಸ್ತ್ರಿ ಐಟಂ!”

ಮುಂದಿನ ಸಾಲಿನಲ್ಲಿ ಹುಡುಗಿಯೂ ಏನೋ ಚೆಂದದ್ದು ಬರಲಿದೆಯೆಂದು ಚಪ್ಪಾಳೆ ತಟ್ಟಿದಳು. ಪಕ್ಕದಲ್ಲಿ ಇಸ್ತ್ರಿಯಣ್ಣ ಆಗಲೇ ನಗುವ ಮುಖ ಮಾಡಿಕೊಂಡು ಕೂತಿದ್ದ.

ಮೆಕ್ಯಾನಿಕ್ ಬಾಯಿ ತೆರೆದ. ಮುಂದೆ ಕೂತ ಅಪ್ಪ, ಮಗಳು ಇಬ್ಬರ ಮುಖವನ್ನೂ ನೋಡಿ ಮತ್ತೆ ಮುಚ್ಚಿದ.

“ಆ ಮಾಲು ಸ್ಟಾಕಿಲ್ಲ ಕಣ್ರಪ್ಪೋ,” ಎಂದು ಕೆಳಗಿಳಿದ.

“ಥೂ, ಸಪ್ಪೆ!” ಎಂದರು ಹಿಂದಿನವರು.

ಜನ ಕರಗಿದ ಮೇಲೆ ಮೇಲ್ವಿಚಾರಕಿ ಒಬ್ಬಳೇ ಕುರ್ಚಿ ಜೋಡಿಸುತ್ತಿದ್ದಳು. ಬಾಗಿಲ ಬಳಿ ಮಗಳು ಕೇಳುತ್ತಿದ್ದಳು, “ಅಪ್ಪಾ, ಇಸ್ತ್ರಿ ಐಟಂ ಅಂದ್ರೇನು?”

“ಅದಾ? ಅದು ಹ... ಹ...”

ಉಳಿದ ಮಾತು ಮೇಲ್ವಿಚಾರಕಿಯ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಕುರ್ಚಿ ಹಿಡಿದು ಹಾಗೇ ನಿಂತಳು.

“ಹ... ಹಳೇದು ಪುಟ್ಟಿ,” ಎಂದ ಇಸ್ತ್ರಿಯಣ್ಣ, ನಿಧಾನವಾಗಿ. “ಈಗ ಮಾಡಲ್ಲ.”